ಸಕ್ಕರೆ ಕಾಯಿಲೆ ಅಂತ ಗೊತ್ತಾಗಿ ನಾಲ್ಕು ದಿನ, ನಮ್ಮ ಬೆಕ್ಕು ಕೆಂಚ ಊಟ ಮುಟ್ಟುತ್ತಿಲ್ಲ. ಇನ್ಸುಲಿನ್ ಕೊಡಬೇಕಾ ಬೇಡವಾ?

ಕೆಂಚನ ಮನೆ, ಮಂಡ್ಯ
ಶನಿವಾರ ರಾತ್ರಿ 8:50

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಕೆಂಚನಿಗೆ 11 ವರ್ಷ. ಗಂಡು, ಆಪರೇಷನ್ ಆಗಿದೆ. ಹೋದ ವರ್ಷ 6 ಕೆಜಿ 200 ಗ್ರಾಂ ಇದ್ದವನು ಈಗ 4 ಕೆಜಿ 800. ಎರಡು ತಿಂಗಳಿಂದ ನೀರು ಕುಡಿಯೋದು ಜಾಸ್ತಿಯಾಗಿತ್ತು. ತನ್ನ ಬಟ್ಟಲು ಖಾಲಿ ಮಾಡಿ ಹಿತ್ತಲಲ್ಲಿ ಒಗೆಯುವ ಕಲ್ಲಿನ ಪಕ್ಕದ ಬಕೆಟ್‌ಗೂ ಬಾಯಿ ಹಾಕುತ್ತಿದ್ದ. ಸೆಕೆಗೆ ಇರಬೇಕು ಅಂತ ನಾವು ಸುಮ್ಮನಿದ್ದೆವು. ಅವನು ಉಚ್ಚೆ ಮಾಡುವ ಮೂಲೆಯಲ್ಲಿ ಇರುವೆ ಸಾಲು ಹಿಡಿದಿದ್ದನ್ನು ಅಮ್ಮ ನೋಡಿದರು. ಅಪ್ಪನಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಹಾಗಾಗಿ ಅಮ್ಮನಿಗೆ ತಕ್ಷಣ ಅನುಮಾನ ಬಂತು. ಬುಧವಾರ ಇಲ್ಲೇ ಒಬ್ಬ ಡಾಕ್ಟರ್ ಹತ್ತಿರ ತೋರಿಸಿದೆವು. ರಕ್ತದಲ್ಲಿ ಸಕ್ಕರೆ 418, ಉಚ್ಚೆಯಲ್ಲೂ ಇದೆ. ಗ್ಲಾರ್ಜಿನ್ ಇನ್ಸುಲಿನ್ ಬರೆದುಕೊಟ್ಟರು. ಬೆಳಗ್ಗೆ 1 ಯೂನಿಟ್, ಸಂಜೆ 1 ಯೂನಿಟ್, ಊಟ ಆದ ಮೇಲೆ. ಅನ್ನ ಹಾಲು ನಿಲ್ಲಿಸಿ, ಕೋಳಿ ಮೊಟ್ಟೆ ಕೊಡಿ ಅಂದರು.

ಬುಧವಾರ ಚೆನ್ನಾಗಿ ತಿಂದ. ಗುರುವಾರ ಅರ್ಧ. ನಿನ್ನೆ ನಾಲ್ಕು ತುತ್ತು. ಇವತ್ತು ಏನೂ ಇಲ್ಲ. ತಟ್ಟೆ ಹತ್ತಿರ ಬರುತ್ತಾನೆ, ಮೂಸುತ್ತಾನೆ, ತುಟಿ ನೆಕ್ಕಿಕೊಂಡು ತಿರುಗಿ ಹೋಗುತ್ತಾನೆ. ಮಧ್ಯಾಹ್ನ ಒಂದು ಸಲ ಹಳದಿ ನೊರೆ ವಾಂತಿ ಮಾಡಿದ. ಹನ್ನೊಂದು ವರ್ಷ ಅನ್ನ ಹಾಲು ತಿಂದವನಿಗೆ ಅದನ್ನು ಕಿತ್ತುಕೊಂಡಿರಿ, ಅದಕ್ಕೇ ಮುನಿಸು ಅಂತ ಅಪ್ಪ ಹೇಳುತ್ತಾರೆ. ಇರಬಹುದಾ?

ಸಂಜೆ 7ಕ್ಕೆ ಏನೂ ತಿನ್ನದಿದ್ದರೂ ಇನ್ಸುಲಿನ್ ಕೊಟ್ಟೆ, ಸಕ್ಕರೆಯಾದರೂ ಇಳಿಯಲಿ ಅಂತ. ತಪ್ಪು ಮಾಡಿದೆನಾ? ಡಾಕ್ಟರ್ ಊರಲ್ಲಿಲ್ಲ, ಸೋಮವಾರ ಬರುತ್ತಾರಂತೆ. ಅಲ್ಲಿವರೆಗೆ ಏನು ತಿನ್ನಿಸಲಿ?


ಬೂದಿಯ ಅಮ್ಮ, ಕುವೆಂಪುನಗರ
ರಾತ್ರಿ 9:02

ತಂಗಿ, ತಿನ್ನಿಸುವ ವಿಷಯ ಆಮೇಲೆ ಮಾತಾಡೋಣ. ಮೊದಲು ಇಷ್ಟು ನೋಡಿ ಹೇಳಿ.

ಕೆಂಚ ಈಗ ಹೇಗಿದ್ದಾನೆ? ಕರೆದರೆ ನೋಡುತ್ತಾನಾ, ಎದ್ದು ನಡೆದರೆ ಕಾಲು ತಡವರಿಸುತ್ತಾ? ಬಾಯಿಯ ಹತ್ತಿರ ಮೂಸಿ ನೋಡಿ, ಉಗುರು ಬಣ್ಣ ಅಳಿಸುವ ದ್ರವದ ಥರ ವಾಸನೆ ಬರುತ್ತಾ? ಮನೆಯಲ್ಲಿ ಅಪ್ಪನ ಗ್ಲುಕೋಮೀಟರ್ ಇದ್ದೇ ಇರುತ್ತದೆ ಅಲ್ವಾ, ಅದರಲ್ಲಿ ಈಗಲೇ ನೋಡಿ. ಕಿವಿಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒಂದು ನಿಮಿಷ ಹಿಡಿದುಕೊಳ್ಳಿ. ಹಿಂದೆ ಹತ್ತಿ ಇಟ್ಟು ಅಂಚಿನ ಹತ್ತಿರ, ರಕ್ತನಾಳಕ್ಕೂ ಅಂಚಿಗೂ ನಡುವೆ, ಚುಚ್ಚಿ. ಒಂದು ಸಣ್ಣ ಹನಿ ಸಾಕು.

ಕೊನೆಯದು. ಇನ್ಸುಲಿನ್ ಯಾವ ಸಿರಿಂಜಲ್ಲಿ ಕೊಡುತ್ತಿದ್ದೀರಿ? ಮುಚ್ಚಳದ ಬಣ್ಣ ಯಾವುದು? ಇದನ್ನು ಮರೆಯದೆ ಹೇಳಿ.


ಕೆಂಚನ ಮನೆ, ಮಂಡ್ಯ
ರಾತ್ರಿ 9:19

ಅಕ್ಕ, ಎರಡು ಸಲ ಚುಚ್ಚಿದ ಮೇಲೆ ರಕ್ತ ಬಂತು. 64 ತೋರಿಸುತ್ತಿದೆ. ಕರೆದರೆ ಕಣ್ಣು ಬಿಡುತ್ತಾನೆ, ಎತ್ತಿ ನಿಲ್ಲಿಸಿದರೆ ಹಿಂಗಾಲು ಸ್ವಲ್ಪ ಅಗಲ ಇಟ್ಟು ನಿಲ್ಲುತ್ತಾನೆ. ವಾಸನೆ ಗೊತ್ತಾಗಲಿಲ್ಲ.

ಸಿರಿಂಜ್ ಅಪ್ಪನದು. ಅವರ ಹತ್ತಿರ ಒಂದು ಪೆಟ್ಟಿಗೆ ಇತ್ತು, ಇನ್ಸುಲಿನ್ ಸಿರಿಂಜ್ ಎಲ್ಲ ಒಂದೇ ಅಂತ ಹೊಸದು ತರಲಿಲ್ಲ. ಕೆಂಪು ಮುಚ್ಚಳ. 1ನೇ ಗೆರೆವರೆಗೆ ಎಳೆಯುತ್ತೇನೆ.


ಬೂದಿಯ ಅಮ್ಮ, ಕುವೆಂಪುನಗರ
ರಾತ್ರಿ 9:22

ತಂಗಿ, ಕೆಂಪು ಮುಚ್ಚಳದ್ದು ಯು-40 ಸಿರಿಂಜ್. ಅಪ್ಪನ ಬಾಟಲಿ ಮೇಲೆ ಒಂದು ಎಂಎಲ್‌ಗೆ 40 ಯೂನಿಟ್ ಅಂತ ಇರುತ್ತದೆ, ಅದಕ್ಕೆ ಅದು ಸರಿ. ಕೆಂಚನ ಗ್ಲಾರ್ಜಿನ್ ಒಂದು ಎಂಎಲ್‌ಗೆ 100 ಯೂನಿಟ್. ಅದಕ್ಕೆ ಕಿತ್ತಳೆ ಮುಚ್ಚಳದ ಯು-100 ಸಿರಿಂಜ್ ಬೇಕು. ಕೆಂಪು ಸಿರಿಂಜಿನ ಒಂದು ಗೆರೆಯಷ್ಟು ಗ್ಲಾರ್ಜಿನ್ ಅಂದರೆ ಎರಡೂವರೆ ಯೂನಿಟ್. ಬುಧವಾರದಿಂದ ಅವನಿಗೆ ಪ್ರತಿ ಸಲ ಎರಡೂವರೆ ಪಟ್ಟು ಹೋಗಿದೆ, ಇವತ್ತು ಖಾಲಿ ಹೊಟ್ಟೆಗೆ ಹೋಗಿದೆ.

ಜೇನುತುಪ್ಪ ಇದೆಯಾ? ಅರ್ಧ ಚಮಚ ತೆಗೆದುಕೊಂಡು ಬೆರಳಲ್ಲಿ ವಸಡಿಗೆ ಸವರಿ. ಗಂಟಲಿಗೆ ಸುರಿಯಬೇಡಿ. ಜೇನು ಇಲ್ಲ ಅಂದರೆ ಗ್ಲೂಕೋಸ್ ಪುಡಿಯನ್ನು ಎರಡು ಹನಿ ನೀರಲ್ಲಿ ಕಲಸಿ, ಅದೂ ಇಲ್ಲ ಅಂದರೆ ಸಕ್ಕರೆ ಪಾಕ. 15 ನಿಮಿಷ ಬಿಟ್ಟು ಮತ್ತೆ ಕಿವಿ ಚುಚ್ಚಿ ನೋಡಿ. ಅಷ್ಟರಲ್ಲಿ ಗಾಡಿ ಹೊಂದಿಸಿಕೊಳ್ಳಿ.


ಪಶುವೈದ್ಯೆ, ಮೈಸೂರು
ರಾತ್ರಿ 9:30

ಮೇಲಿನವರು ಹೇಳಿದ್ದು ಸರಿ. ಇವತ್ತು ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಬನ್ನಿ, ಬೆಳಗ್ಗೆವರೆಗೆ ಕಾಯಬೇಡಿ. 7ಕ್ಕೆ ಕೊಟ್ಟ ಗ್ಲಾರ್ಜಿನ್ ಇನ್ನೂ ಗಂಟೆಗಟ್ಟಲೆ ಕೆಲಸ ಮಾಡುತ್ತದೆ. ಜೇನು ಹಚ್ಚಿದಾಗ ಸಕ್ಕರೆ ಏರಿದರೂ ಅದು ಸ್ವಲ್ಪ ಹೊತ್ತಿಗೆ ಮಾತ್ರ, ಮತ್ತೆ ಇಳಿಯುತ್ತದೆ. ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ನಿಜಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ, ಆದರೂ ಊಟ ಬಿಟ್ಟಿರುವ, ಕಾಲು ಅಗಲ ಇಟ್ಟು ನಿಂತಿರುವ ಬೆಕ್ಕಿನಲ್ಲಿ 64 ಅನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ದಾರಿಗೆ ಜೇನು, ಮೀಟರ್, ಇನ್ಸುಲಿನ್ ಕಾರ್ಟ್ರಿಜ್, ಬಳಸಿದ ಸಿರಿಂಜ್ ಎಲ್ಲ ತನ್ನಿ. ಅರ್ಧ ಗಂಟೆಗೊಮ್ಮೆ ಕಿವಿಯಲ್ಲಿ ನೋಡಿ. ನಡುಕ ಅಥವಾ ಫಿಟ್ಸ್ ಬಂದರೆ ವಸಡಿಗೆ ಜೇನು ಸವರಿ, ಬಾಯೊಳಗೆ ಬೆರಳು ಆಳಕ್ಕೆ ಹಾಕಬೇಡಿ, ಕಚ್ಚುತ್ತಾನೆ. ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ, ಬೆಕ್ಕಿಗೆ ಇನ್ಸುಲಿನ್ ಜಾಸ್ತಿ ಹೋಗಿದೆ ಅಂತ ಸ್ಪಷ್ಟವಾಗಿ ಹೇಳಿ. ರಾತ್ರಿ ತೆರೆದಿರುವ ಜಾಗದ ನಂಬರ್ ನಿಮಗೆ ಬೇರೆಯಾಗಿ ಕಳಿಸಿದ್ದೇನೆ.


ಕೆಂಚನ ಮನೆ, ಮಂಡ್ಯ
ರಾತ್ರಿ 9:44

ಜೇನು ಹಚ್ಚಿದ ಮೇಲೆ 91. ಚಿಕ್ಕಪ್ಪನ ಮಗ ಕಾರು ತಂದಿದ್ದಾನೆ. ತರಕಾರಿ ಬುಟ್ಟಿಗೆ ಅಪ್ಪನ ಪಂಚೆ ಹಾಸಿ ಕೂರಿಸಿದ್ದೇವೆ. ಹೊರಟೆವು.


ಮದ್ದೂರು ಮನೆ
ರಾತ್ರಿ 9:58

ದೇವರು ಒಳ್ಳೆಯದು ಮಾಡಲಿ. ಎರಡು ವರ್ಷದ ಹಿಂದೆ ನಮ್ಮ ಬೆಕ್ಕಿಗೂ ಇದೇ ಕಾಯಿಲೆ ಬಂದಿತ್ತು. ಮೂರು ದಿನ ತಿನ್ನಲಿಲ್ಲ, ಬಿಸಿಲು ಇಳಿದರೆ ತಿನ್ನುತ್ತೆ ಅಂತ ಕಾದೆವು. ನಾಲ್ಕನೇ ದಿನ ಕಿವಿಯ ಒಳಗೆ, ವಸಡಲ್ಲಿ ಹಳದಿ ಬಂದಿತ್ತು. ಕರೆದುಕೊಂಡು ಹೋದಾಗ ತಡವಾಗಿತ್ತು. ನೀವು ಹೊರಟಿದ್ದು ಒಳ್ಳೆಯದಾಯಿತು.


ಪಾಂಡವಪುರದವನು
ರಾತ್ರಿ 10:15

ಒಂದು ವಿಷಯ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇನ್ಸುಲಿನ್ ಇಷ್ಟು ಅಪಾಯ ಅಂದರೆ ಮಾತ್ರೆ ಕೊಡಬಹುದಲ್ವಾ? ನಮ್ಮ ಮನೆಯಲ್ಲಿ ಅಮ್ಮನಿಗೆ ಮೆಟ್‌ಫಾರ್ಮಿನ್ ಇದೆ, ಈಗ ಹೊಸದಾಗಿ ಉಚ್ಚೆಯಲ್ಲಿ ಸಕ್ಕರೆ ಹೋಗಿಬಿಡುವ ಮಾತ್ರೆಯನ್ನೂ ಕೊಟ್ಟಿದ್ದಾರೆ. ಅದರಲ್ಲಿ ಕಾಲು ಭಾಗ ಕೊಟ್ಟರೆ? ಹಾಗಲಕಾಯಿ ರಸವೂ ಒಳ್ಳೆಯದು ಅಂತಾರೆ. ನಮ್ಮ ಬೆಕ್ಕೂ ನೀರು ಜಾಸ್ತಿ ಕುಡಿಯುತ್ತಿದೆ, ಅದಕ್ಕೇ ಕೇಳಿದೆ.


ಪಶುವೈದ್ಯೆ, ಮೈಸೂರು
ರಾತ್ರಿ 10:48

ಪಾಂಡವಪುರದವರೇ, ಬೇಜಾರೇನೂ ಇಲ್ಲ. ಕೊಟ್ಟ ಮೇಲೆ ಕೇಳುವವರೇ ಜಾಸ್ತಿ, ನೀವು ಕೊಡುವ ಮೊದಲು ಕೇಳಿದ್ದೀರಿ.

ಮೆಟ್‌ಫಾರ್ಮಿನ್ ಬೆಕ್ಕಿನಲ್ಲಿ ಹೇಳಿಕೊಳ್ಳುವಷ್ಟು ಕೆಲಸ ಮಾಡುವುದಿಲ್ಲ, ಇರುವ ಹಸಿವನ್ನೂ ಕೊಲ್ಲುತ್ತದೆ, ವಾಂತಿ ತರುತ್ತದೆ. ಉಚ್ಚೆಯಲ್ಲಿ ಸಕ್ಕರೆ ಹೊರಗೆ ಹಾಕುವ ಜಾತಿಯ ಮಾತ್ರೆಗಳ ಹೆಸರು ಗ್ಲಿಫ್ಲೋಜಿನ್ ಅಂತ ಮುಗಿಯುತ್ತದೆ. ಬೆಕ್ಕಿಗೆಂದೇ ಮಾಡಿದ ಅಂಥ ಔಷಧಿಗಳು ಇವೆ. ಅಮೆರಿಕದಲ್ಲಿ 2022ರ ಡಿಸೆಂಬರ್‌ನಲ್ಲಿ ಬೆಕ್ಸಾಗ್ಲಿಫ್ಲೋಜಿನ್‌ಗೆ, 2023ರಲ್ಲಿ ವೆಲಾಗ್ಲಿಫ್ಲೋಜಿನ್‌ಗೆ ಅನುಮತಿ ಸಿಕ್ಕಿತು. ಆದರೆ ಅವು ಚೆನ್ನಾಗಿ ತಿನ್ನುತ್ತಿರುವ, ಬೇರೆ ತೊಂದರೆ ಇಲ್ಲದ, ಮೊದಲು ಇನ್ಸುಲಿನ್ ತೆಗೆದುಕೊಳ್ಳದ ಬೆಕ್ಕಿಗೆ ಮಾತ್ರ. ಊಟ ಬಿಟ್ಟ ಬೆಕ್ಕಿಗೆ ಕೊಟ್ಟರೆ ಮೀಟರ್‌ನಲ್ಲಿ ಸಕ್ಕರೆ ಸರಿಯಾಗಿ ಕಾಣಿಸುತ್ತಿರುವಾಗಲೇ ರಕ್ತ ಹುಳಿಯಾಗಿ ಪ್ರಾಣಕ್ಕೆ ಬರಬಹುದು. ಮನುಷ್ಯರ ಮಾತ್ರೆಯನ್ನು ಮುರಿದು ಕೊಡುವ ಮಾತೇ ಬೇಡ. ಹಾಗಲಕಾಯಿ ರಸ ಇನ್ಸುಲಿನ್ ಜಾಗಕ್ಕೆ ಬರುವುದಿಲ್ಲ. ಮೊದಲೇ ವಾಕರಿಕೆ ಇರುವ ಬೆಕ್ಕಿಗೆ ಕಹಿ ಸುರಿದರೆ ನಾಳೆ ತಟ್ಟೆ ಕಂಡರೇ ಓಡುತ್ತದೆ.

ನಿಮ್ಮ ಬೆಕ್ಕನ್ನು ಈ ವಾರವೇ ತೋರಿಸಿ. ನೀರು ಕಡಿಮೆ ಮಾಡಬೇಡಿ. ಜಾಸ್ತಿ ಉಚ್ಚೆ ಹೋಗುತ್ತಿದೆ ಅಂತ ಬಟ್ಟಲು ಎತ್ತಿಟ್ಟವರನ್ನು ನೋಡಿದ್ದೇನೆ, ಬೆಕ್ಕಿನ ಮೈ ಒಣಗಿಹೋಗುತ್ತದೆ. ಆಸ್ಪತ್ರೆಯ ಗಾಬರಿಗೇ ಕೆಲವು ಬೆಕ್ಕಿಗೆ ಸಕ್ಕರೆ 300ರ ಹತ್ತಿರ ಹೋಗುತ್ತದೆ. ಹಾಗಾಗಿ ಒಂದೇ ಸಲದ ನಂಬರ್ ನೋಡಿ ತೀರ್ಮಾನ ಮಾಡುವುದಿಲ್ಲ, ಉಚ್ಚೆ ನೋಡುತ್ತಾರೆ, ಹಿಂದಿನ ಒಂದೆರಡು ವಾರದ ಲೆಕ್ಕ ಹೇಳುವ ಫ್ರಕ್ಟೋಸಮೈನ್ ಅಂತ ಒಂದು ರಕ್ತ ಪರೀಕ್ಷೆಯೂ ಇದೆ.

ಕೆಂಚನ ಮನೆಯವರು ಆಮೇಲೆ ಓದಲಿ ಅಂತ ಇದನ್ನೂ ಬರೆಯುತ್ತೇನೆ. ಸಕ್ಕರೆ ಕಾಯಿಲೆ ಬಂದ ಬೆಕ್ಕಿಗೆ ಸಾಮಾನ್ಯವಾಗಿ ಹಸಿವು ಜಾಸ್ತಿ. ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಮೈಗೆ ಸಿಗುತ್ತಿಲ್ಲ, ಅದಕ್ಕೇ ತಿಂದಷ್ಟೂ ತೂಕ ಇಳಿಯುತ್ತದೆ. ಅಂಥ ಬೆಕ್ಕು ತಿನ್ನುವುದನ್ನೇ ಬಿಟ್ಟರೆ ಇನ್ನೇನೋ ಸೇರಿಕೊಂಡಿದೆ ಅಂತ ಅರ್ಥ. ಮೇದೋಜೀರಕ ಗ್ರಂಥಿಯ ಊತ ಇರಬಹುದು, ಮೈಯ ಕೊಬ್ಬು ಕರಗಿದಾಗ ಹುಟ್ಟುವ ಕೀಟೋನ್ ಅನ್ನುವ ಹುಳಿ ಪದಾರ್ಥ ರಕ್ತದಲ್ಲಿ ಸೇರಿರಬಹುದು, ಉಚ್ಚೆಯ ಸೋಂಕು, ಹಲ್ಲು, ಕಿಡ್ನಿ, ಯಾವುದಾದರೂ ಇರಬಹುದು. ತುಟಿ ನೆಕ್ಕಿಕೊಂಡು ತಿರುಗುವುದು ವಾಕರಿಕೆಯ ಗುರುತು. ಅಪ್ಪ ಹೇಳಿದ ಹಾಗೆ ಮುನಿಸಾದರೆ ವಾಂತಿ ಯಾಕೆ ಬರುತ್ತದೆ?

ಎರಡು ಮೂರು ದಿನ ಊಟ ಬಿಟ್ಟರೆ, ಅದರಲ್ಲೂ ದಪ್ಪ ಇದ್ದು ಇಳಿದ ಬೆಕ್ಕಾದರೆ, ಮೈಯ ಕೊಬ್ಬೆಲ್ಲ ಯಕೃತ್ತಿಗೆ ಬಂದು ತುಂಬಿಕೊಳ್ಳುತ್ತದೆ. ಮದ್ದೂರಿನವರು ನೋಡಿದ ಹಳದಿ ಅದೇ ಇರಬೇಕು. ನಿಮ್ಮ ಬೆಕ್ಕಿನ ವಿಷಯ ಓದಿ ತುಂಬ ಬೇಸರವಾಯಿತು. ಸಕ್ಕರೆ 400 ಇದ್ದ ಬೆಕ್ಕು ತಿನ್ನುತ್ತಿದ್ದರೆ ನನಗೆ ಒಂದೆರಡು ದಿನ ಸಮಯ ಇರುತ್ತದೆ. ತಿನ್ನದ ಬೆಕ್ಕಿನಲ್ಲಿ ಆ ಸಮಯ ಇರುವುದಿಲ್ಲ.


ಕೆಂಚನ ಮನೆ, ಮಂಡ್ಯ
ಭಾನುವಾರ ಬೆಳಗಿನ ಜಾವ 1:50

ದಾರಿಯಲ್ಲಿ ಶ್ರೀರಂಗಪಟ್ಟಣ ದಾಟುವಾಗ 58ಕ್ಕೆ ಇಳಿದಿತ್ತು, ತಲೆ ವಾಲಿಸಿದ. ಮತ್ತೆ ಜೇನು ಹಚ್ಚಿದೆ. ಕೈ ನಡುಗಿ ಅರ್ಧ ಅವನ ಮೀಸೆಗೇ ಹೋಯಿತು. ಇಲ್ಲಿ ಬಂದ ತಕ್ಷಣ ಗ್ಲೂಕೋಸ್ ಡ್ರಿಪ್ ಹಾಕಿದರು. ಈಗ 140. ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದಾನೆ. ರಕ್ತ ತೆಗೆದುಕೊಂಡಿದ್ದಾರೆ.

ಅಪ್ಪ ಹೊರಗೆ ಬೆಂಚಿನ ಮೇಲೆ ಆ ಕೆಂಪು ಮುಚ್ಚಳ ಹಿಡಿದುಕೊಂಡು ಕೂತಿದ್ದಾರೆ. ನಾನೇ ಕೊಟ್ಟೆನಲ್ಲ ಅಂತ ಒಂದೇ ಮಾತು.


ಬೂದಿಯ ಅಮ್ಮ, ಕುವೆಂಪುನಗರ
ಬೆಳಗಿನ ಜಾವ 1:56

ಅಪ್ಪನಿಗೆ ಹೇಳಿ, ನಾನೂ ಬೂದಿಗೆ ಮೊದಲ ವಾರ ಅದೇ ಕೆಂಪು ಸಿರಿಂಜಲ್ಲೇ ಕೊಟ್ಟಿದ್ದೆ. ಅಂಗಡಿಯಲ್ಲಿ ಇನ್ಸುಲಿನ್ ಸಿರಿಂಜ್ ಕೊಡಿ ಅಂದೆ, ಅವರು ಕೈಗೆ ಸಿಕ್ಕಿದ್ದು ಕೊಟ್ಟರು, ನಾನೂ ನೋಡಲಿಲ್ಲ. ಬೂದಿ ಚೆನ್ನಾಗಿ ತಿನ್ನುತ್ತಿದ್ದಳು, ಅದಕ್ಕೇ ಉಳಿದಳು. ಆವತ್ತಿನಿಂದ ಹೊಸಬರು ಯಾರು ಸಿಕ್ಕಿದರೂ ಮುಚ್ಚಳದ ಬಣ್ಣ ಕೇಳುತ್ತೇನೆ. ನಾನು ಮಲಗಿಲ್ಲ, ಏನಾದರೂ ಇದ್ದರೆ ಬರೆಯಿರಿ.


ಕೆಂಚನ ಮನೆ, ಮಂಡ್ಯ
ಭಾನುವಾರ ಸಂಜೆ 6:20

ರಿಪೋರ್ಟ್ ಬಂತು. ಮೇದೋಜೀರಕ ಗ್ರಂಥಿ ಊದಿಕೊಂಡಿದೆ, ರಕ್ತದಲ್ಲೂ ಸ್ಕ್ಯಾನಿಂಗ್‌ನಲ್ಲೂ ಕಾಣಿಸಿತಂತೆ. ಉಚ್ಚೆಯಲ್ಲಿ ಕೀಟೋನ್ ಸ್ವಲ್ಪ ಇದೆ. ರಕ್ತ ಹುಳಿಯಾಗಿಲ್ಲ, ಆ ಹಂತಕ್ಕೆ ಹೋಗಿಲ್ಲ ಅಂದರು. ಪೊಟ್ಯಾಸಿಯಂ ಕಡಿಮೆ, ಡ್ರಿಪ್‌ನಲ್ಲಿ ಸೇರಿಸಿದ್ದಾರೆ. ನೋವಿಗೆ, ವಾಂತಿಗೆ ಇಂಜೆಕ್ಷನ್ ಕೊಟ್ಟಿದ್ದಾರೆ. ಇವತ್ತು ರಾತ್ರಿಯಿಂದ ಸರಿಯಾದ ಸಿರಿಂಜಲ್ಲಿ ಇನ್ಸುಲಿನ್ ಮತ್ತೆ ಶುರು, ಜೊತೆಗೆ ಗ್ಲೂಕೋಸ್ ಡ್ರಿಪ್ ಕೂಡ. ಸಕ್ಕರೆ ಕಡಿಮೆ ಆಗಿ ಬಂದವನಿಗೆ ಮತ್ತೆ ಇನ್ಸುಲಿನ್ ಯಾಕೆ ಅಂತ ಅಮ್ಮ ಕೇಳುತ್ತಿದ್ದಾರೆ, ನನಗೂ ಅರ್ಥ ಆಗಲಿಲ್ಲ.

ಇನ್ನೊಂದು. ನಾಳೆಯೂ ತಿನ್ನದಿದ್ದರೆ ಕತ್ತಿನ ಪಕ್ಕದಿಂದ ಅನ್ನನಾಳಕ್ಕೆ ನಳಿಕೆ ಹಾಕುತ್ತಾರಂತೆ. ಅದನ್ನು ಕೇಳಿ ನಮ್ಮ ಮನೆಯಲ್ಲಿ ಎಲ್ಲರೂ ಅಳುತ್ತಿದ್ದೇವೆ. ಅಷ್ಟು ಹಿಂಸೆ ಬೇಕಾ? ಮನೆಗೆ ಕರೆದುಕೊಂಡು ಬಂದು ಸಿರಿಂಜಲ್ಲಿ ಬಾಯಿಗೆ ಗಂಜಿ ಹಾಕಬಹುದಲ್ವಾ?


ಪಶುವೈದ್ಯೆ, ಮೈಸೂರು
ಭಾನುವಾರ ಸಂಜೆ 7:05

ಅಮ್ಮನಿಗೆ ಹೀಗೆ ಹೇಳಿ. ಇನ್ಸುಲಿನ್ ಪೂರ್ತಿ ನಿಂತರೆ ಮೈ ಕೊಬ್ಬನ್ನು ಕರಗಿಸಿ ಕೀಟೋನ್ ಮಾಡುತ್ತಲೇ ಹೋಗುತ್ತದೆ. ಅದನ್ನು ನಿಲ್ಲಿಸಲು ಇನ್ಸುಲಿನ್ ಬೇಕು, ಇನ್ಸುಲಿನ್ ಕೊಟ್ಟಾಗ ಸಕ್ಕರೆ ಬೀಳದ ಹಾಗೆ ಗ್ಲೂಕೋಸ್ ಬೇಕು. ಎರಡೂ ಒಟ್ಟಿಗೆ ಕೊಡುವುದು ಆಸ್ಪತ್ರೆಯಲ್ಲಿ ಮಾತ್ರ ಸಾಧ್ಯ, ಗಂಟೆಗೊಮ್ಮೆ ನೋಡುತ್ತಾರೆ. ಮನೆಯಲ್ಲಿ ನಿಮಗೆ ನಿಯಮ ಬೇರೆ. ಮೊದಲು ಊಟ, ತಿಂದಿದ್ದು ಕಣ್ಣಲ್ಲಿ ನೋಡಿ, ಆಮೇಲೆ ಸೂಜಿ. ತಿನ್ನಲಿಲ್ಲ ಅಂದರೆ ಮಾಮೂಲಿ ಡೋಸ್ ಕೊಡಬೇಡಿ, ಡಾಕ್ಟರ್‌ಗೆ ಫೋನ್ ಮಾಡಿ ಆ ಹೊತ್ತಿನ ಸಕ್ಕರೆ ಹೇಳಿ, ಅರ್ಧ ಕೊಡುವುದಾ ಬಿಡುವುದಾ ಅವರು ಹೇಳುತ್ತಾರೆ. ನೀವೇ ಎರಡು ದಿನ ಸುಮ್ನೆ ನಿಲ್ಲಿಸುವುದೂ ತಪ್ಪು.

ನಳಿಕೆ ಬಗ್ಗೆ. ಬಾಯಿಗೆ ಸಿರಿಂಜಲ್ಲಿ ಹಾಕಿದರೆ ಹೊಟ್ಟೆಗೆ ಹೋಗುವುದು ಕಡಿಮೆ, ಚೆಲ್ಲುವುದು ಜಾಸ್ತಿ, ಶ್ವಾಸಕ್ಕೆ ಹೋದರೆ ನ್ಯುಮೋನಿಯಾ. ವಾಕರಿಕೆ ಇರುವಾಗ ಬಲವಂತ ಮಾಡಿದರೆ ಆ ಊಟವನ್ನೇ ಬೆಕ್ಕು ದ್ವೇಷಿಸುತ್ತದೆ, ಹುಷಾರಾದ ಮೇಲೂ ಮುಟ್ಟುವುದಿಲ್ಲ. 4 ಕೆಜಿ 800 ಗ್ರಾಂ ಬೆಕ್ಕಿಗೆ ದಿನಕ್ಕೆ ಸುಮಾರು 220 ಕ್ಯಾಲೊರಿ ಬೇಕು. ಅಷ್ಟನ್ನು ಬಾಯಿ ಬಿಡಿಸಿ ಹಾಕಿ ನೋಡಿ, ಹಿಂಸೆ ಯಾವುದು ಅಂತ ನಿಮಗೇ ಗೊತ್ತಾಗುತ್ತದೆ. ನಳಿಕೆಯನ್ನು ಮಂಪರು ಕೊಟ್ಟು ಹಾಕುತ್ತಾರೆ. ಆಮೇಲೆ ಊಟ, ಔಷಧಿ, ನೀರು ಎಲ್ಲ ಅದರಲ್ಲೇ. ನಳಿಕೆ ಇದ್ದರೂ ಬೆಕ್ಕು ಬಾಯಲ್ಲಿ ತಿನ್ನಬಹುದು. ಮೊದಲ ದಿನವೇ 220 ತುಂಬಿಸಬೇಡಿ, ಮೂರು ನಾಲ್ಕು ದಿನದಲ್ಲಿ ನಿಧಾನಕ್ಕೆ ಏರಿಸುತ್ತಾರೆ. ಹಸಿದ ಮೈಗೆ ಒಮ್ಮೆಲೇ ಸುರಿದರೆ ರಕ್ತದ ಲವಣಗಳು ಏರುಪೇರಾಗುತ್ತವೆ.

ನಾನಾಗಿದ್ದರೆ ಒಪ್ಪುತ್ತಿದ್ದೆ. ತೀರ್ಮಾನ ನಿಮ್ಮದು, ಅಲ್ಲಿರುವ ಡಾಕ್ಟರ್ ಜೊತೆ ಕೂತು ಮಾತಾಡಿ.


ವಿಜಯನಗರ 2ನೇ ಹಂತ
ಭಾನುವಾರ ರಾತ್ರಿ 8:30

ನಮ್ಮ ಹೆಣ್ಣು ಬೆಕ್ಕಿಗೆ 19 ದಿನ ನಳಿಕೆ ಇತ್ತು. ಅವಳು ಅದನ್ನು ಹಾಕಿಕೊಂಡೇ ಕಿಟಕಿ ಹತ್ತಿ ಪಾರಿವಾಳ ನೋಡುತ್ತಿದ್ದಳು. ನಾವೇ ಹೆದರಿದ್ದು ಜಾಸ್ತಿ. ದಿನಕ್ಕೆ ಐದಾರು ಸಲ, ಮೈ ಬಿಸಿಯಷ್ಟು ಬೆಚ್ಚಗೆ ಮಾಡಿ, ನಿಧಾನಕ್ಕೆ ಹತ್ತು ಹದಿನೈದು ನಿಮಿಷ ತೆಗೆದುಕೊಂಡು ಹಾಕಿ. ಮುಗಿದ ಮೇಲೆ ಸ್ವಲ್ಪ ಬೆಚ್ಚಗಿನ ನೀರು ಹಾಕಿ ತೊಳೆಯಲೇಬೇಕು, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ. ಊಟವನ್ನು ಮಿಕ್ಸಿಯಲ್ಲಿ ತಿರುವಿ ಟೀ ಜರಡಿಯಲ್ಲಿ ಸೋಸಿ. ನಾನು ಸೋಸದೆ ಹಾಕಿ ಒಂದು ರಾತ್ರಿ ಪಟ್ಟ ಪಾಡು ನಿಮಗೆ ಬೇಡ.


ಕೆಂಚನ ಮನೆ, ಮಂಡ್ಯ
ಬುಧವಾರ ಮಧ್ಯಾಹ್ನ 3:10

ಸೋಮವಾರ ನಳಿಕೆ ಹಾಕಿದರು. ಇವತ್ತು ಮನೆಗೆ ಬಂದೆವು. ಕೀಟೋನ್ ಇಲ್ಲ. ವಾಂತಿ ಇಲ್ಲ. ಕತ್ತಿಗೆ ಬಟ್ಟೆ ಸುತ್ತಿದ್ದಾರೆ, ಅಮ್ಮ ಅದನ್ನು ಕೆಂಚನ ಶಾಲು ಅಂತ ಕರೆಯುತ್ತಿದ್ದಾರೆ. ಮೂರು ಪ್ರಶ್ನೆ ಇದೆ.

ಬಾಯಲ್ಲಿ ತಿನ್ನುವ ಹಾಗೆ ಮಾಡಲು ಏನು ಇಡಲಿ? ಅಪ್ಪ ಮೊಸರನ್ನ ಇಡುತ್ತೇನೆ ಅಂತ ಹಟ ಹಿಡಿದಿದ್ದಾರೆ. ನಮ್ಮ ಕಡೆ ಕರೆಂಟ್ ಹೋದರೆ ಮೂರು ನಾಲ್ಕು ಗಂಟೆ ಬರುವುದಿಲ್ಲ, ಇನ್ಸುಲಿನ್ ಏನು ಮಾಡಲಿ? ಕಿತ್ತಳೆ ಮುಚ್ಚಳದ ದೊಡ್ಡ ಸಿರಿಂಜ್ ತಂದಿದ್ದೇನೆ, ಅದರಲ್ಲಿ ಒಂದು ಗೆರೆಗೆ ಎರಡು ಯೂನಿಟ್ ಅಂತ ಇದೆ, 1 ಯೂನಿಟ್ ಹೇಗೆ ಅಳೆಯಲಿ?


ಬೂದಿಯ ಅಮ್ಮ, ಕುವೆಂಪುನಗರ
ಬುಧವಾರ ಸಂಜೆ 4:00

ಸಿರಿಂಜ್ ಮೊದಲು. ಆ ದೊಡ್ಡದನ್ನು ವಾಪಸ್ ಕೊಟ್ಟು ಯು-100ರಲ್ಲೇ 30 ಯೂನಿಟ್ ಹಿಡಿಯುವ ಸಣ್ಣ ಸಿರಿಂಜ್ ತನ್ನಿ. ಅದರಲ್ಲಿ ಒಂದೊಂದು ಯೂನಿಟ್‌ಗೂ ಗೆರೆ ಇರುತ್ತದೆ, ಅರ್ಧ ಯೂನಿಟ್ ಗೆರೆ ಇರುವುದು ಸಿಕ್ಕಿದರೆ ಇನ್ನೂ ಒಳ್ಳೆಯದು. ಮಂಡ್ಯದಲ್ಲಿ ಸಿಗದಿದ್ದರೆ ಹೇಳಿ, ನಾನು ಇಲ್ಲಿಂದ ಬಸ್ಸಿನಲ್ಲಿ ಕಳಿಸುತ್ತೇನೆ.

ಚುಚ್ಚುವಾಗ ಬೆನ್ನಿನ ಅಥವಾ ಪಕ್ಕೆಯ ಚರ್ಮ ಎತ್ತಿ ಹಿಡಿದು ಕೊಡಿ, ಆಮೇಲೆ ಕೂದಲು ಮುಟ್ಟಿ ನೋಡಿ. ಒದ್ದೆ ಇದ್ದರೆ ಔಷಧಿ ಹೊರಗೆ ಹೋಗಿದೆ. ಆಗ ಇನ್ನೊಂದು ಸಲ ಕೊಡಬೇಡಿ. ಎಷ್ಟು ಒಳಗೆ ಹೋಯಿತು ಅಂತ ಯಾರಿಗೂ ಗೊತ್ತಿರುವುದಿಲ್ಲ, ಮುಂದಿನ ಹೊತ್ತಿಗೆ ಕಾಯಿರಿ.

ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿ ಇರಬೇಕು. ಐಸ್ ಪೆಟ್ಟಿಗೆಯ ಹತ್ತಿರ ಇಡಬೇಡಿ, ಒಂದು ಸಲ ಹೆಪ್ಪುಗಟ್ಟಿದರೆ ಎಸೆಯಬೇಕು. ಮೂರು ನಾಲ್ಕು ಗಂಟೆ ಕರೆಂಟ್ ಹೋದರೆ ಬಾಗಿಲು ತೆಗೆಯದೆ ಬಿಟ್ಟರೆ ಸಾಕು. ದಿನವಿಡೀ ಹೋದರೆ ನಾನು ನಮ್ಮೂರಲ್ಲಿ ಮಾಡುವುದು ಇದು: ಮಡಕೆಯಲ್ಲಿ ನೀರು ಹಾಕಿ ನೆರಳಲ್ಲಿ ಇಟ್ಟು, ಕಾರ್ಟ್ರಿಜ್ ಅನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಒಳಗೆ ತೇಲಿ ಬಿಡುತ್ತೇನೆ. ಗ್ಲಾರ್ಜಿನ್ ತಿಳಿನೀರಿನ ಥರ ಇರಬೇಕು, ಮಬ್ಬಾದರೆ ಬಳಸಬೇಡಿ. ಒಂದು ಕಾರ್ಟ್ರಿಜ್‌ನಲ್ಲಿ 3 ಎಂಎಲ್, ಅಂದರೆ 300 ಯೂನಿಟ್. ಕೆಂಚನಿಗೆ ತಿಂಗಳಿಗೆ 60 ಯೂನಿಟ್ ಸಾಕು. ಚೀಟಿಯಲ್ಲಿ ತೆರೆದು 28 ದಿನ ಅಂತ ಬರೆದಿರುತ್ತದೆ. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ಮುಂದುವರಿಸಬಹುದಾ ಅಂತ ನಿಮ್ಮ ಡಾಕ್ಟರ್‌ನ ಕೇಳಿ, ಸುಮ್ನೆ ಎಸೆಯಬೇಡಿ.

ಊಟಕ್ಕೆ ಬೂದಿಗೆ ಕೆಲಸ ಮಾಡಿದ್ದು ಮೀನು ಬೇಯಿಸಿದ ನೀರು. ಉಪ್ಪು, ಅರಿಶಿನ, ಈರುಳ್ಳಿ, ಬೆಳ್ಳುಳ್ಳಿ ಏನೂ ಹಾಕಬಾರದು. ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತವನ್ನೇ ಹಾಳು ಮಾಡುತ್ತದೆ, ಹಾಗಾಗಿ ನಾವು ತಿನ್ನುವ ಸಾರಿನ ಕೋಳಿ ತೊಳೆದು ಕೊಡುವುದೂ ಬೇಡ. ಚಪ್ಪಟೆ ತಟ್ಟೆಯಲ್ಲಿ ಒಂದೇ ಚಮಚ, ಬೆಚ್ಚಗೆ ಮಾಡಿ ಇಡಿ. ಹತ್ತು ನಿಮಿಷ ಬಿಟ್ಟು ಎತ್ತಿಬಿಡಿ. ಎದುರಿಗೆ ಕೂತು ತಿನ್ನು ತಿನ್ನು ಅಂತ ಕಾಯಬೇಡಿ, ಅದು ಅವಕ್ಕೆ ಗೊತ್ತಾಗುತ್ತದೆ.


ಪಶುವೈದ್ಯೆ, ಮೈಸೂರು
ಬುಧವಾರ ರಾತ್ರಿ 9:15

ಅಪ್ಪನ ಮೊಸರನ್ನದ ಬಗ್ಗೆ ನನ್ನ ಮಾತು ಕೆಲವರಿಗೆ ಇಷ್ಟವಾಗಲಿಕ್ಕಿಲ್ಲ. ಈ ವಾರ ಅವನು ಬಾಯಲ್ಲಿ ಎರಡು ತುತ್ತು ಮೊಸರನ್ನ ತಿಂದರೆ ತಡೆಯಬೇಡಿ. ಅನ್ನ ಕಡಿಮೆ ಮಾಡಬೇಕು ನಿಜ. ಬೆಕ್ಕು ಮಾಂಸ ತಿಂದು ಬದುಕುವ ಪ್ರಾಣಿ, ಅನ್ನ ಜಾಸ್ತಿ ಆದರೆ ಅದರ ಸಕ್ಕರೆ ಏರುತ್ತದೆ, ಒಣ ಕಾಳಿನ ಆಹಾರದಲ್ಲೂ ಹಿಟ್ಟಿನಂಶ ಜಾಸ್ತಿ. ಆದರೆ ಆ ಬದಲಾವಣೆ ಅವನು ತಿನ್ನಲು ಶುರು ಮಾಡಿದ ಮೇಲೆ, ನಿಧಾನಕ್ಕೆ. ಹೋದ ಬುಧವಾರ ಒಂದೇ ದಿನ ಇನ್ಸುಲಿನ್ನೂ ಶುರು, ಅನ್ನವೂ ಬಂದ್ ಆಯಿತು. ಅನ್ನ ನಿಂತರೇ ಸಕ್ಕರೆ ಇಳಿಯುತ್ತದೆ, ಮೇಲೆ ಎರಡೂವರೆ ಪಟ್ಟು ಔಷಧಿ ಬೇರೆ.

ಮುಂದೆ ಒದ್ದೆ ಆಹಾರದ ಪೊಟ್ಟಣ ಕೊಳ್ಳುವಾಗ ಹಿಂದೆ ಬರೆದಿರುವ ತೇವಾಂಶ, ಪ್ರೋಟೀನ್, ಕೊಬ್ಬು, ನಾರು, ಬೂದಿ (ಆ್ಯಶ್, ಅಂದರೆ ಲವಣಾಂಶ) ಎಲ್ಲ ಕೂಡಿಸಿ 100ರಲ್ಲಿ ಕಳೆಯಿರಿ. ಉಳಿದದ್ದು ಹಿಟ್ಟಿನಂಶ. ತೇವಾಂಶ 80, ಪ್ರೋಟೀನ್ 11, ಕೊಬ್ಬು 5, ನಾರು ಅರ್ಧ, ಬೂದಿ 2 ಇದ್ದರೆ ಉಳಿಯುವುದು ಒಂದೂವರೆ. ಅಂಥದ್ದು ಒಳ್ಳೆಯದು. ಮನೆಯ ಕೋಳಿ ಮೊಟ್ಟೆ ಕೆಲವು ವಾರಕ್ಕೆ ಪರವಾಗಿಲ್ಲ. ಬರೀ ಅದನ್ನೇ ತಿಂಗಳುಗಟ್ಟಲೆ ಕೊಟ್ಟರೆ ಕ್ಯಾಲ್ಸಿಯಂ ಸಾಲುವುದಿಲ್ಲ.

ಹಸಿವಿಗೆ ಮಿರ್ಟಾಜಪೈನ್ ಬರೆದಿದ್ದಾರೆ ಅಂದುಕೊಳ್ಳುತ್ತೇನೆ. ಹೇಳಿದಷ್ಟೇ ಕೊಡಿ. ಜಾಸ್ತಿಯಾದರೆ ರಾತ್ರಿಯಿಡೀ ಕೂಗಿಕೊಂಡು ಅಡ್ಡಾಡುತ್ತವೆ.


ಪಾಂಡವಪುರದವನು
ಗುರುವಾರ ಬೆಳಗ್ಗೆ 11:20

ಡಾಕ್ಟ್ರೇ, ನಮ್ಮದಕ್ಕೆ ತೋರಿಸಿದೆ. ಸಕ್ಕರೆ ಅಲ್ಲ, ಕಿಡ್ನಿ ತೊಂದರೆಯ ಶುರು ಅಂದರು. ಅಮ್ಮನ ಮಾತ್ರೆ ಕೊಟ್ಟಿದ್ದರೆ ಏನಾಗುತ್ತಿತ್ತೋ. ನೀರಿನ ಬಟ್ಟಲು ಎರಡು ಮಾಡಿದ್ದೇನೆ.


ಕೆಂಚನ ಮನೆ, ಮಂಡ್ಯ
ಮೂರು ವಾರದ ನಂತರ, ಭಾನುವಾರ ಸಂಜೆ 5:30

ಬರೆಯಲು ತಡವಾಯಿತು. ಕೆಂಚ ತಿನ್ನುತ್ತಿದ್ದಾನೆ!

ನಳಿಕೆ ಹಾಕಿ ಎಂಟನೇ ದಿನ ಬೆಳಗ್ಗೆ ಅಮ್ಮ ಮೀನಿನ ನೀರು ಕಾಯಿಸುತ್ತಿದ್ದರು, ಇವನು ಅಡುಗೆ ಮನೆ ಬಾಗಿಲಲ್ಲಿ ನಿಂತು ಕೂಗಿದ. ಅಮ್ಮನಿಗೆ ಪಾತ್ರೆ ಇಳಿಸುವುದೂ ಮರೆತುಹೋಯಿತು. ಆವತ್ತು ಮೂರು ಚಮಚ ನೆಕ್ಕಿದ. ಮಾರನೇ ದಿನ ಕೋಳಿ ಚೂರು. ಅಪ್ಪನ ಮೊಸರನ್ನ ಮೂಸಿ ಬಿಟ್ಟು ಹೋದ, ಅಪ್ಪನಿಗೆ ಅದರಿಂದಲೂ ಸಂತೋಷ. ಹದಿನಾರನೇ ದಿನ ನಳಿಕೆ ತೆಗೆದರು. ಈಗ 4 ಕೆಜಿ 950. ಹಿಂಗಾಲು ಊರಿ ನಡೆಯುವುದು ಇನ್ನೂ ಸ್ವಲ್ಪ ಕೆಳಗೆ ಕುಸಿದ ಹಾಗಿದೆ. ಅದು ಸಕ್ಕರೆಯಿಂದ ನರಕ್ಕೆ ಆದ ತೊಂದರೆ, ತಿಂಗಳುಗಟ್ಟಲೆ ಬೇಕು ಅಂದರು.

ಅಪ್ಪನ ಸಿರಿಂಜ್ ಮೇಲಿನ ಗೂಡಿನಲ್ಲಿ, ಕೆಂಚನದು ಫ್ರಿಜ್ ಮೇಲೆ ಬೇರೆ ಡಬ್ಬಿಯಲ್ಲಿ. ಡಬ್ಬಿಯ ಮೇಲೆ ಅಪ್ಪನೇ ದೊಡ್ಡದಾಗಿ ಕೆಂಚ, 100, ಕಿತ್ತಳೆ ಅಂತ ಬರೆದಿದ್ದಾರೆ. ಸೂಜಿ ಈಗ ಅವರೇ ಕೊಡುತ್ತಾರೆ, ನಾನು ಬರೆದಿಡುತ್ತೇನೆ. ಬೆಳಗ್ಗೆ 6, ಸಂಜೆ 6. ತಿಂದದ್ದು, ಕೊಟ್ಟದ್ದು, ಕಿವಿಯ ನಂಬರ್.

ಎರಡು ದಿನದಿಂದ ಸೂಜಿಗೆ ಮೊದಲಿನ ನಂಬರ್ 130, 118 ಬರುತ್ತಿದೆ. ಇದು ಕಡಿಮೆ ಅಲ್ವಾ? ಅಪ್ಪ ಕೊಡಲು ಹೆದರುತ್ತಿದ್ದಾರೆ. ಇನ್ಸುಲಿನ್ನೇ ಬೇಡ ಅನ್ನುವ ಹಾಗೆ ಆಗುತ್ತದಾ?


ಪಶುವೈದ್ಯೆ, ಮೈಸೂರು
ಭಾನುವಾರ ಸಂಜೆ 6:10

ಓದಿ ತುಂಬ ಖುಷಿಯಾಯಿತು. ಅಪ್ಪನ ಹೆದರಿಕೆ ಸರಿಯಾಗಿದೆ, ಸೂಜಿಗೆ ಮೊದಲೇ 118 ಇದ್ದರೆ ನಾನೂ ಅದೇ ಡೋಸ್ ಕೊಡುವುದಿಲ್ಲ. ಈಗಲೇ ನಿಮ್ಮ ಡಾಕ್ಟರ್‌ಗೆ ಫೋನ್ ಮಾಡಿ ಈ ಎರಡು ನಂಬರ್ ಹೇಳಿ, ಡೋಸ್ ಇಳಿಸಬೇಕಾಗಬಹುದು. ಬೇಗ ಗೊತ್ತಾಗಿ, ಸರಿಯಾದ ಊಟ ಮತ್ತು ಗ್ಲಾರ್ಜಿನ್ ಸಿಕ್ಕಿದ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ ಬೇಡವಾಗುತ್ತದೆ. ಎಲ್ಲದಕ್ಕೂ ಅಲ್ಲ, ಬೇಡವಾದರೂ ಮತ್ತೆ ಬರಬಹುದು. ಆದರೆ ನೀವೇ ನಿಲ್ಲಿಸಬೇಡಿ. ಬಹುಶಃ ಒಂದು ದಿನ ಪೂರ್ತಿ ಎರಡು ಗಂಟೆಗೊಮ್ಮೆ ಕಿವಿಯಲ್ಲಿ ನೋಡಿ ಬರೆಯಲು ಹೇಳುತ್ತಾರೆ, ಸೂಜಿ ಆದ ಮೇಲೆ 12 ಗಂಟೆವರೆಗೆ.


ಕೆಂಚನ ಮನೆ, ಮಂಡ್ಯ
ಭಾನುವಾರ ಸಂಜೆ 6:40

ಫೋನ್ ಮಾಡಿದೆ. ಇವತ್ತಿನಿಂದ ಅರ್ಧ ಯೂನಿಟ್. ನಾಳೆ ಬೆಳಗ್ಗೆ 6ರಿಂದ ಸಂಜೆ 6ರವರೆಗೆ ನೋಡಿ ಕಳಿಸಿ ಅಂದರು. ಶಾಲೆಗೆ ರಜ ಹಾಕಿದ್ದೇನೆ. ಈಗ ತಿಂದು ಮುಗಿಸಿದ, ಅಪ್ಪ ಸೂಜಿ ಕೊಟ್ಟಾಯಿತು.


ಬೂದಿಯ ಅಮ್ಮ, ಕುವೆಂಪುನಗರ
ಭಾನುವಾರ ಸಂಜೆ 6:52

ಅರ್ಧ ಗೆರೆಯ ಸಿರಿಂಜ್ ನನ್ನ ಹತ್ತಿರ ಇನ್ನೊಂದು ಪ್ಯಾಕೆಟ್ ಇದೆ, ನಾಳೆ ಕಳಿಸುತ್ತೇನೆ. ನಂಬರ್ ಬಂದ ಹಾಗೆ ಇಲ್ಲೂ ಹಾಕುತ್ತಾ ಹೋಗಿ, ನಾನು ಆರಕ್ಕೆ ಎದ್ದಿರುತ್ತೇನೆ. ಕಿವಿ ಬದಲಾಯಿಸಿ ಬದಲಾಯಿಸಿ ಚುಚ್ಚಿ, ಪ್ರತಿ ಸಲ ಚುಚ್ಚಿದ ಮೇಲೆ ಒಂದು ಚೂರು ಕೋಳಿ ಕೊಡಿ. ಮಧ್ಯಾಹ್ನದ ಹೊತ್ತಿಗೆ ಅವನೇ ಬಂದು ಕೂರುತ್ತಾನೆ.